ಸಿಮೆಂಟ್ ಕಿತ್ತ ದಿನ

ಹಳೇಬೀಡಿನ ಕಡೆ ನಮ್ಮೂರಿನ ಕೆರೆ ಏರಿ ಪಕ್ಕ ಒಂದು ಹಳೆಯ ಮಂಟಪ ಇದೆ. ಮುಂದೆ ಕಲ್ಲಿನ ಕಂಬಗಳು, ಹಿಂದೆ ಇಟ್ಟಿಗೆ ಗೋಡೆ. ಜೀರ್ಣೋದ್ಧಾರಕ್ಕೆ ಚಂದಾ ಕೂಡಿದ್ದೇ ತಡ, ನೆಲಕ್ಕೆ ಟೈಲ್ಸ್ ಹಾಕ್ಸೋಣ, ಕಂಬಕ್ಕೆ ಪೇಂಟ್ ಹೊಡೆಸೋಣ ಅನ್ನೋ ಮಾತು ಶುರುವಾಯಿತು. ಪುಣ್ಯಕ್ಕೆ ಯಾರೋ ಅರಸೀಕೆರೆ ಕಡೆಯಿಂದ ಹಳೇ ಕಾಲದ ಗಾರೆ ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು ಬಂದರು.

ಅವರು ಕಂಬಗಳ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಹಿಂದಿನ ಗೋಡೆಗೆ ಹೋಗಿ ಸುತ್ತಿಗೆ ಹಿಡಿಯಲ್ಲಿ ತಟ್ಟಿದರು. ಟೊಳ್ಳು ಸದ್ದು. ಹಿಂದೊಮ್ಮೆ ‘ಗಟ್ಟಿ ಇರ್ಲಿ’ ಅಂತ ಅದಕ್ಕೆ ದಪ್ಪಗೆ ಸಿಮೆಂಟ್ ಬಳಿಸಿದ್ದರು.

“ಮೊದ್ಲು ಇದನ್ನ ಕೀಳ್ಬೇಕು. ಕಟ್ಟೋದು ಆಮೇಲೆ” ಅಂದರು.

ಮಿಷನ್ ತರ್ತೀವಿ ಅಂದರೆ ಬೇಡವೇ ಬೇಡ ಅಂದರು. ಉಳಿ, ಸಣ್ಣ ಸುತ್ತಿಗೆ ಅಷ್ಟೇ. ಬೆಳಗ್ಗೆಯಿಂದ ಕೂತು ಕೆತ್ತಿದೆವು. ಸಿಮೆಂಟ್ ಚಕ್ಕೆ ಚಕ್ಕೆಯಾಗಿ ಕಳಚಿದಾಗ ಒಳಗಿನ ಇಟ್ಟಿಗೆ ರಾಗಿ ಹಿಟ್ಟಿನ ಹಾಗೆ ಉದುರಿತು. ನನಗೆ ಸಿಟ್ಟೇ ಬಂತು. ಕೆರೆ ಪಕ್ಕದ ಗೋಡೆ ಸದಾ ತೇವ ಹೀರುತ್ತೆ. ಸುಣ್ಣದ ಗಾರೆಯಾದರೆ ಆ ತೇವ ಆರಿ ಹೊರಗೆ ಹೋಗುತ್ತೆ. ಸಿಮೆಂಟ್ ದಾರಿ ಕಟ್ಟಿಬಿಡುತ್ತೆ. ನೀರಿನ ಜೊತೆ ಬಂದ ಉಪ್ಪು ಇಟ್ಟಿಗೆಯೊಳಗೇ ಹರಳುಗಟ್ಟಿ ಅದನ್ನು ಒಡೆಯುತ್ತೆ. ಹೊರಗೆ ಗೋಡೆ ನುಣ್ಣಗೆ ಕಾಣುತ್ತಿರುತ್ತೆ, ಯಾರಿಗೂ ಗೊತ್ತಾಗಲ್ಲ.

ಹಳೇಬೀಡಿನ ದೋರಸಮುದ್ರ ಕೆರೆ ಪಕ್ಕದ ಹೊಯ್ಸಳೇಶ್ವರ ದೇವಸ್ಥಾನಕ್ಕೆ ಈ ತಾಪತ್ರಯ ಇಲ್ಲ. 12ನೇ ಶತಮಾನದ ಆ ಶಿಲ್ಪಿಗಳು ಗಾರೆಯನ್ನೇ ನೆಚ್ಚಿಕೊಳ್ಳದೆ ಕಲ್ಲಿಗೆ ಕಲ್ಲು ಕಚ್ಚಿಸಿ ಕೂರಿಸಿದ್ದಾರೆ. ನಮ್ಮ ಮಂಟಪಕ್ಕೆ ಅಂಥ ಭಾಗ್ಯ ಎಲ್ಲಿ!

ಊಟದ ಹೊತ್ತಿಗೆ ಒಬ್ಬ ಹುಡುಗ, “ತಾತ, ಗಾರೆಗೆ ಮೊಟ್ಟೆ ಹಾಕ್ತೀರಾ?” ಅಂತ ಕೇಳಿದ. ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತೆ. ಹೇಮಾವತಿ ಹಿನ್ನೀರಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ಶೆಟ್ಟಿಹಳ್ಳಿ ಚರ್ಚಿಗೆ ಬೆಲ್ಲ, ಮೊಟ್ಟೆ ಹಾಕಿ ಕಟ್ಟಿದ್ದಾರೆ ಅಂತ ಎಲ್ಲರ ಬಾಯಲ್ಲೂ ಇದೆ ಅಲ್ವಾ.

“ಮೊಟ್ಟೆ ನಾ ಹಾಕಿಲ್ಲಪ್ಪ. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕ್ತೀವಿ. ಅದಕ್ಕಿಂತ ಸುಣ್ಣ ಚೆನ್ನಾಗಿ ಕೊಳೀಬೇಕು” ಅಂದರು.

ಸುಟ್ಟ ಸುಣ್ಣಕ್ಕೆ ನೀರು ಬಿಟ್ಟರೆ ಕೊತ ಕೊತ ಕುದ್ದು ಅರಳುತ್ತೆ. ಆಮೇಲೆ ವಾರಗಟ್ಟಲೆ ಗುಂಡಿಯಲ್ಲೇ ನೀರಿನಡಿ ಬಿಡಬೇಕು. ಮರಳು, ಇಟ್ಟಿಗೆ ಪುಡಿ ಬೆರೆಸಿ ಅರೆದು ಬಳಿದ ಮೇಲೂ ಒದ್ದೆ ಗೋಣಿಚೀಲ ಹೊದಿಸಿ ಕಾಯಬೇಕು. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಅದು ನಿಧಾನಕ್ಕೆ ಮತ್ತೆ ಕಲ್ಲಾಗುತ್ತೆ. ಅವಸರದವರಿಗೆ ಆಗೋ ಕೆಲಸ ಅಲ್ಲ. ಚಂದಾ ಕೊಟ್ಟವರೆಲ್ಲ ಅವಸರದವರೇ.

ಸಂಜೆಗೆ ಅರ್ಧ ಗೋಡೆ ಮಾತ್ರ ಬಿಚ್ಚಿತ್ತು. ಪುಡಿಯಾದ ಇಟ್ಟಿಗೆಗಳಿಗೆ ಮೇಸ್ತ್ರಿ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಗಟ್ಟಿ ಇದ್ದವನ್ನು ಮುಟ್ಟಲು ಬಿಡಲಿಲ್ಲ.

ಕಂಬದ ಬಣ್ಣದ ಜಗಳ ಇನ್ನೂ ಮುಗಿದಿಲ್ಲ. ಸಮಿತಿಯವರೊಬ್ಬರು ಆಗಲೇ ಹಳದಿ ಪೇಂಟಿನ ಡಬ್ಬ ತಂದಿಟ್ಟಿದ್ದಾರೆ. ಕಬ್ಬಿಣದ ಗೇಟಿಗೆ ಹೊಡೆಸಿ ಅಂದಿದ್ದೇವೆ.