ಕೌದಿಗೆ ಅರಿವಿ ಸಾಲದ ದಿನ

ತಂಗಿಯ ಹೆರಿಗೆ ಹತ್ತಿರ ಬಂದಾಗ ಅವ್ವ ಫೋನು ಮಾಡಿ, "ಬರೂವಾಗ ನಿಮ್ಮ ಹಳೇ ಅರಿವಿ ಎಲ್ಲಾ ಕಟಗೊಂಡು ಬಾ, ಕೂಸಿಗೆ ಕೌದಿ ಹೊಲಸಬೇಕು" ಅಂದಳು. ಬೆಂಗಳೂರಿನ ನಮ್ಮ ಮನೆಯ ಕಪಾಟಿನಲ್ಲಿ ಹಳೇ ಬಟ್ಟೆಗೆ ಬರವೇ? ದೊಡ್ಡ ಚೀಲ ತುಂಬಿತು. ರಾತ್ರಿ ಬಸ್ಸಿನಲ್ಲಿ ಅದನ್ನೇ ತಲೆದಿಂಬು ಮಾಡಿಕೊಂಡು ಊರಿಗೆ ಹೋದೆ.

ಬಾಗಲಕೋಟೆ ಕಡೆ ಕೌದಿಗೆ ಹೊಸ ಬಟ್ಟೆ ಹಾಕುವ ಪದ್ಧತಿ ಇಲ್ಲ. ಉಟ್ಟು, ಒಗೆದು, ಮೆತ್ತಗಾದ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ದಾರ ಓಡಿಸುತ್ತಾರೆ. ಮೊದಲು ಮನೆಮನೆಯ ಹೆಂಗಸರು ಬೇಸಿಗೆಯಲ್ಲಿ ಪಡಸಾಲೆ ತುಂಬ ಹಾಸಿಕೊಂಡು ಕೂತು ಹೊಲಿಯುತ್ತಿದ್ದರು. ಈಗ ನಮ್ಮೂರಲ್ಲಿ ಆ ಕೈ ಉಳಿದಿರುವುದು ಒಬ್ಬಿಬ್ಬರಿಗೆ. ಅವರಲ್ಲೊಬ್ಬ ಹಿರಿಯಾಕಿಯನ್ನು ಅವ್ವ ಕರೆಸಿದ್ದಳು.

ಆಕೆ ನನ್ನ ಚೀಲ ಸುರುವಿಕೊಂಡು ಒಂದೊಂದನ್ನೇ ಹಿಡಿದು ನೋಡತೊಡಗಿದಳು. ನೋಡುವುದು ಅಂದರೆ ಕಣ್ಣಿನಿಂದಲ್ಲ, ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ. ಜೀನ್ಸ್ ಪ್ಯಾಂಟನ್ನು ಎರಡೂ ಕೈಯಿಂದ ಎಳೆದಳು. "ಜಗ್ಗಿದ್ರ ಬರತೈತಿ, ಬಿಟ್ರ ಒಳಗ ಹೋಗತೈತಿ. ಸೂಜಿಗೆ ನಿಲ್ಲೂದಿಲ್ಲ ಇದು." ಹತ್ತಿಯ ಜೊತೆ ಹಿಗ್ಗುವ ಲೈಕ್ರಾ ಎಳೆ ಸೇರಿಸಿದ ಪ್ಯಾಂಟು ಅದು. ಆ ಎಳೆ ಸೋತ ಮೇಲೆ ಮೊಣಕಾಲ ಹತ್ತಿರ ಜೋತುಬಿದ್ದು ಚೀಲದಂತಾಗಿತ್ತು. ಟೀಶರ್ಟುಗಳನ್ನು ಬೆಳಕಿಗೆ ಹಿಡಿದರೆ ಆಚೆ ಕೂತ ಅವ್ವ ಕಾಣುತ್ತಿದ್ದಳು. ಹೆಂಡತಿಯ ಕುರ್ತಾಗಳ ತುಂಬ ಸಣ್ಣ ಸಣ್ಣ ಗಂಟು. ಬರೀ ಹತ್ತಿಯಾದರೆ ಆ ಗಂಟು ಒಗೆತಕ್ಕೆ ಉದುರಿಹೋಗುತ್ತದೆ. ಪಾಲಿಯೆಸ್ಟರ್ ಬೆರೆತಿದ್ದರೆ ಆ ಗಟ್ಟಿ ಎಳೆ ಗಂಟನ್ನು ಬಿಡದೆ ಹಿಡಿದುಕೊಂಡಿರುತ್ತದೆ. ಒಳಗೆ ತಿರುವಿ ನೋಡಿದರೆ ಹೊಲಿಗೆಯಾಚೆ ಬೆರಳಗಲ ಬಟ್ಟೆಯೂ ಇಲ್ಲ, ಓವರ್‌ಲಾಕ್ ಮಾಡಿ ಕತ್ತರಿಸಿಬಿಟ್ಟಿದ್ದಾರೆ. ಒಂದು ದಾರ ಬಿಟ್ಟರೆ ಬಗಲೇ ಬಿಚ್ಚಿಕೊಳ್ಳುತ್ತದೆ.

"ಇವು ಹಳೇವಲ್ಲವ್ವಾ, ಕೆಟ್ಟಾವು" ಅಂದು ಆಕೆ ಪಕ್ಕಕ್ಕೆ ಸರಿಸಿದಳು. ನೆಲ ಒರೆಸಲಾದರೂ ಇಟ್ಟುಕೊಳ್ಳೋಣ ಎಂದರೆ ಅವ್ವ ಒಪ್ಪಲಿಲ್ಲ, ಅವು ನೀರು ಹೀರುವುದಿಲ್ಲವಂತೆ.

ಕೊನೆಗೆ ಅಟ್ಟದ ಟ್ರಂಕು ಇಳಿಯಿತು. ಅಜ್ಜನ ಧೋತರ, ಅವ್ವನ ಎರಡು ಇಳಕಲ್ ಸೀರೆ. ಒಂದರ ಸೆರಗು ಹರಿದಿತ್ತು. ಮೈಭಾಗದ ನೂಲು ಮಾತ್ರ ಕೆನ್ನೆಗೆ ಒತ್ತಿಕೊಳ್ಳುವಷ್ಟು ಮೆದು. ನನ್ನ ಪ್ರಾಥಮಿಕ ಶಾಲೆಯ ಖಾಕಿ ಚಡ್ಡಿಯೂ ಅಲ್ಲಿತ್ತು. ಅದರ ಕೆಳಗಂಚಿನಲ್ಲಿ ಎರಡು ಗೆರೆ: ಒಮ್ಮೆ ಮಡಿಕೆ ಬಿಚ್ಚಿದ ಗುರುತು, ಮರುವರ್ಷ ಇನ್ನೊಮ್ಮೆ ಬಿಚ್ಚಿದ ಗುರುತು. ಟೇಲರ್ ಸಾಹೇಬರು ಹುಡುಗ ಬೆಳೆಯುತ್ತಾನೆಂದು ಲೆಕ್ಕ ಹಾಕಿಯೇ ಒಳಗೆ ಬಟ್ಟೆ ಬಿಡುತ್ತಿದ್ದರು. ಈಗ ಬಟ್ಟೆ ಹೊಲಿಯುವವನಿಗೆ ತೊಡುವ ಹುಡುಗನ ಮುಖವೇ ಗೊತ್ತಿರುವುದಿಲ್ಲ, ಲೆಕ್ಕ ಎಲ್ಲಿಂದ ಹಾಕಿಯಾನು?

ಹಾಗಂತ ಆಗಿನದೆಲ್ಲ ಬಂಗಾರವೇನಲ್ಲ. ಬಣ್ಣ ಬಿಟ್ಟು ಮನೆಮಂದಿಯ ಬನಿಯನ್ನುಗಳನ್ನೆಲ್ಲ ಗುಲಾಬಿ ಮಾಡಿದ ಲಂಗಗಳೂ ಇದ್ದವು; ಅಂಥವು ಟ್ರಂಕಿನವರೆಗೆ ಬರಲಿಲ್ಲ ಅಷ್ಟೆ. ಅಪ್ಪನ ಟೆರಿಕಾಟ್ ಅಂಗಿಯಲ್ಲಿ ಹತ್ತಿಯ ಜೊತೆ ಪಾಲಿಯೆಸ್ಟರೂ ಇತ್ತು, ಕಾಲರ್ ಸಮೇತ ಇಂದಿಗೂ ಗಟ್ಟಿಯಾಗಿದೆ. ಹಾಗಾಗಿ ಎಲ್ಲ ತಪ್ಪನ್ನೂ ಪಾಲಿಯೆಸ್ಟರ್ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ಒತ್ತಾಗಿ ನೇಯುವುದಕ್ಕೆ, ನೂಲಿಗೆ ಸರಿಯಾಗಿ ಹುರಿ ಹಾಕುವುದಕ್ಕೆ, ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಬಿಡುವುದಕ್ಕೆ ದುಡ್ಡು ಬೀಳುತ್ತದೆ. ಅಪ್ಪ ಆ ದುಡ್ಡು ಕೊಟ್ಟು ವರ್ಷಕ್ಕೆ ಎರಡು ಅಂಗಿ ಹೊಲಿಸುತ್ತಿದ್ದ. ನಾವು ಫೋನಿನಲ್ಲಿ ರಿಯಾಯಿತಿ ನೋಡಿ ತರಿಸುತ್ತೇವೆ.

ಟ್ರಂಕಿನ ಅರಿವಿ ಒಂದು ಪದರಕ್ಕೆ ಮಾತ್ರ ಸಾಕಾಯಿತು. ಉಳಿದದ್ದಕ್ಕೆ ಖಾದಿ ತರಲು ಹೋದೆವು. ರಾಷ್ಟ್ರಧ್ವಜದ ಖಾದಿ ನೇಯುವ ತುಳಸಿಗೇರಿ ನಮ್ಮ ಜಿಲ್ಲೆಯಲ್ಲೇ ಇದೆ. ಅದು ಧ್ವಜವಾಗುವುದು ಹುಬ್ಬಳ್ಳಿಯ ಬೆಂಗೇರಿಯಲ್ಲಿ. ಎಳೆ ಎಣಿಸಿ, ಅಳತೆ, ಬಣ್ಣ, ಹೊಲಿಗೆ ಪರೀಕ್ಷಿಸಿ, ಚೂರು ತಪ್ಪಿದರೂ ಪಕ್ಕಕ್ಕಿಡುವ ಕೆಲಸ ಅದು. ಧ್ವಜ ಸಂಹಿತೆಗೆ 2021ರ ಡಿಸೆಂಬರ್ 30ರಂದು ಮಾಡಿದ ತಿದ್ದುಪಡಿಯಿಂದ ಧ್ವಜಕ್ಕೂ ಪಾಲಿಯೆಸ್ಟರ್, ಯಂತ್ರದ ಬಟ್ಟೆ ನಡೆಯುತ್ತದೆ. ಧ್ವಜಕ್ಕೇ ನಡೆದ ಮೇಲೆ ನನ್ನ ಟೀಶರ್ಟಿನದು ಯಾವ ಲೆಕ್ಕ!

ತಂದ ಹೊಸ ಖಾದಿಯನ್ನು ಅವ್ವ ದಿನಾ ನೆನೆಸಿ, ಕಲ್ಲಿಗೆ ಬಡಿದು, ಬಿಸಿಲಿಗೆ ಹಾಕಿ ಹಳೆಯದು ಮಾಡಿದಳು. ಕೌದಿ ಅಂಗಡಿಯ ಕಂಬಳಿಗಿಂತ ದುಬಾರಿ ಬಿತ್ತು.

ಹೆಸರಿಡುವ ದಿನ ದೊಡ್ಡವ್ವನ ಮನೆಯಿಂದ ಕಲಘಟಗಿ ತೊಟ್ಟಿಲು ಬಂತು. ಸಾಗುವಾನಿಯದು, ಮೇಲೆ ಅರಗಿನ ಬಣ್ಣ. ಅವ್ವ, ನಾನು, ತಂಗಿ ಎಲ್ಲರೂ ಮಲಗಿದ್ದು ಅದರಲ್ಲೇ. ತೂಗುವವರ ಕೈ ತಾಗುವ ಕಡೆ ಬಿಟ್ಟರೆ ಬೇರೆಲ್ಲೂ ಬಣ್ಣ ಮಾಸಿಲ್ಲ. ಅದರ ಮೇಲೆ ಅಳಿಯನ ಗೆಳೆಯರು ಹಾಡುತ್ತ ತಿರುಗುವ ಪ್ಲಾಸ್ಟಿಕ್ ಗೊಂಬೆ ಕಟ್ಟಿದರು. ವಾರ ಕಳೆಯುವುದರೊಳಗೆ ಹಾಡು ನಿಂತಿತು. ಸೆಲ್ ಬದಲಿಸಿದರೂ ಇಲ್ಲ. ಬಿಚ್ಚೋಣವೆಂದರೆ ಸ್ಕ್ರೂ ಇಲ್ಲ, ಅಂಟು ಹಾಕಿ ಮುಚ್ಚಿದ್ದಾರೆ.

"ಐಎಸ್‌ಐ ಮುದ್ರಿ ಐತಲ್ರೀ ಮಾವ" ಅಂದರು ಅಳಿಯ. ಇತ್ತು. 2021ರ ಜನವರಿಯಿಂದ ಆಟಿಕೆಗಳಿಗೆ ಆ ಮುದ್ರೆ ಕಡ್ಡಾಯ, ಒಳ್ಳೆಯದೇ ಆಯಿತು. ಬಣ್ಣದಲ್ಲಿ ವಿಷ ಇರಬಾರದು, ಚೂಪು ಅಂಚು ಇರಬಾರದು, ಕೂಸಿನ ಗಂಟಲಿಗೆ ಸಿಕ್ಕುವ ಚೂರು ಕಳಚಬಾರದು ಎಂದು ಅದು ನೋಡುತ್ತದೆ. ಎಷ್ಟು ದಿನ ಹಾಡಬೇಕು ಎಂಬುದು ಅದರ ಕೆಲಸವಲ್ಲ. ತಂಗಿ ಗೊಂಬೆಯನ್ನು ಬಿಸಾಡಿಲ್ಲ. ಕೈಯಿಂದ ತಿರುವಿದರೆ ತಿರುಗುತ್ತದೆ, ಹಾಡನ್ನು ಅವಳೇ ಹಾಡುತ್ತಾಳೆ.