ಖರ್ದುಂಗ್ ಲಾ ದಾರಿಯಲ್ಲಿ ಶುಗರ್ ನೋಡುವುದು

ಬೆಂಗಳೂರಿನಿಂದ ಲೇಹ್‌ಗೆ ವಿಮಾನದಲ್ಲಿ ಹೋದರೆ ಒಂದೇ ದಿನದಲ್ಲಿ 900 ಮೀಟರ್‌ನಿಂದ 3,500 ಮೀಟರ್ ಎತ್ತರಕ್ಕೆ ಏರಿದಂತೆ. ರಕ್ತದ ಶುಗರ್ ನೋಡುವ ಹಲವು ಗ್ಲುಕೋಮೀಟರ್‌ಗಳ ಕೈಪಿಡಿಯಲ್ಲಿ ಎತ್ತರದ ಮಿತಿ ಸುಮಾರು 3,000 ಮೀಟರ್ ಎಂದಿರುತ್ತದೆ. ಖರ್ದುಂಗ್ ಲಾ ಎಂಬ ಬೆಟ್ಟದ ಘಾಟಿ ದಾಟಿ ನುಬ್ರಾ ಕಣಿವೆಗೆ ಹೊರಡುವ ಮುಂಚೆ, ಹೋಟೆಲ್ ಕೋಣೆಯಲ್ಲಿರುವಾಗಲೇ ಆ ಮಿತಿ ದಾಟಿಯಾಗಿರುತ್ತದೆ. ಮೀಟರ್ ಕೆಟ್ಟಿತೆಂದಲ್ಲ, ಅದರ ಅಂಕಿಗೆ ಕಂಪನಿ ಜವಾಬ್ದಾರಿ ಹೊರುವುದಿಲ್ಲ.

ಬೆಳಿಗ್ಗೆ ಹೊರಡುವ ಮೊದಲು ಸ್ಟ್ರಿಪ್ ಡಬ್ಬಿಯ ಜೊತೆ ಬಂದ ಚೀಟಿ ಓದಿ. ಅದರಲ್ಲಿ ಗ್ಲುಕೋಸ್ ಆಕ್ಸಿಡೇಸ್ ಎಂಬ ಕಿಣ್ವದ ಹೆಸರಿದ್ದರೆ ಎಚ್ಚರ ಬೇಕು. ಆ ಸ್ಟ್ರಿಪ್‌ನಲ್ಲಿ ಮೀಟರ್‌ಗೆ ಸಿಗಬೇಕಾದ ಎಲೆಕ್ಟ್ರಾನ್‌ಗಳಲ್ಲಿ ಒಂದಿಷ್ಟನ್ನು ರಕ್ತದ ಆಮ್ಲಜನಕ ಕಿತ್ತುಕೊಳ್ಳುತ್ತದೆ. ಎತ್ತರದಲ್ಲಿ ರಕ್ತದ ಆಮ್ಲಜನಕ ಇಳಿದರೆ ಈ ಸೋರಿಕೆಯೂ ಇಳಿದು, ಶುಗರ್ ಇದ್ದದ್ದಕ್ಕಿಂತ ಹೆಚ್ಚು ಕಾಣಬಹುದು. ಡಿಹೈಡ್ರಾಜಿನೇಸ್ ಎಂಬ ಬೇರೆ ಕಿಣ್ವದ ಸ್ಟ್ರಿಪ್‌ಗೆ ಈ ಕಾಟವಿಲ್ಲ. ಇನ್ನೊಂದು ಕಡೆ, ನೀರು ಸಾಲದೆ ರಕ್ತ ಗಟ್ಟಿಯಾದರೆ ಅನೇಕ ಮೀಟರ್‌ಗಳು ಕಡಿಮೆ ತೋರಿಸುತ್ತವೆ. ಹಾಗಾಗಿ 'ಇಷ್ಟು ಕಳೆದರೆ ಸರಿಹೋಗುತ್ತದೆ' ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಆದರೂ ಸುಮಾರು 5,350 ಮೀಟರ್ ಎತ್ತರದ ಖರ್ದುಂಗ್ ಲಾ ತುದಿಯಲ್ಲಿ ಮೀಟರ್ ಕೈಕೊಡುವುದು ಎತ್ತರಕ್ಕಿಂತ ಹೆಚ್ಚಾಗಿ ಚಳಿಗೆ. ಸಾಮಾನ್ಯವಾಗಿ 10 ಡಿಗ್ರಿಗಿಂತ ಕೆಳಗೆ ಅದು ಕೆಲಸ ಮಾಡದೆ ಎರರ್ ತೋರಿಸುತ್ತದೆ. ಅದನ್ನೂ ಸ್ಟ್ರಿಪ್ ಡಬ್ಬಿಯನ್ನೂ ಒಳಅಂಗಿಯ ಜೇಬಿನಲ್ಲಿಡಿ, ಕಾರಿನ ಡಿಕ್ಕಿಯ ಬ್ಯಾಗಿನಲ್ಲಲ್ಲ. ಇನ್ಸುಲಿನ್‌ಗೂ ಅದೇ ಜಾಗ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಬಳಕೆಗೆ ಬಾರದು.

ಕಾರಿನೊಳಗೆ ಕೂತು ಬೆರಳುಗಳನ್ನು ಕಂಕುಳಲ್ಲಿಟ್ಟು ಚೆನ್ನಾಗಿ ಬೆಚ್ಚಗಾಗಿಸಿ. ಜರ್ದಾಲು ತಿಂದ ಕೈಯಾದರೆ ಬಾಟಲಿ ನೀರಿನಲ್ಲಿ ತೊಳೆದು ಪೂರ್ತಿ ಒರೆಸಿ. ಅಂಟಿದ ಹಣ್ಣಿನ ರಸವೇ ಶುಗರ್ ಏರಿಸಿ ತೋರಿಸುತ್ತದೆ. ಬೆರಳಿನ ಅಂಚಿಗೆ ಚುಚ್ಚಿ, ಮೊದಲ ಹನಿ ಒರೆಸಿ, ಎರಡನೆಯದನ್ನು ಸ್ಟ್ರಿಪ್‌ಗೆ ತಾಗಿಸಿ. ತಣ್ಣಗಿನ ಬೆರಳನ್ನು ಹಿಂಡಿ ತೆಗೆದ ಹನಿಯಲ್ಲಿ ರಕ್ತದ ಜೊತೆ ಮಾಂಸದ ನೀರೂ ಬೆರೆತಿರುತ್ತದೆ.

ತಲೆನೋವು, ಸುಸ್ತು, ವಾಕರಿಕೆ ಎತ್ತರದ ಕಾಯಿಲೆಯಲ್ಲೂ ಬರುತ್ತವೆ, ಶುಗರ್ ಇಳಿದಾಗಲೂ ಬರಬಹುದು. ಬೆವರು, ನಡುಕ ಇದ್ದು ಮೀಟರ್ 110 ತೋರಿಸಿದರೂ 15 ಗ್ರಾಂ ಗ್ಲುಕೋಸ್ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡುವುದೇ ಮೇಲು. ತುದಿಯಲ್ಲಿ 240 ಕಂಡಿತೆಂದು ಆ ಒಂದೇ ಅಂಕಿಯ ಮೇಲೆ ಹೆಚ್ಚುವರಿ ಇನ್ಸುಲಿನ್ ಹಾಕಿಕೊಳ್ಳುವುದು ಅಪಾಯ. ನುಬ್ರಾದಲ್ಲಿರುವ, ಸುಮಾರು 3,100 ಮೀಟರ್‌ನ ದಿಸ್ಕಿತ್‌ಗೆ ಇಳಿದ ಮೇಲೆ, ಬೆಚ್ಚಗಿನ ಕೋಣೆಯಲ್ಲಿ ಮೀಟರ್ ಸರಿಯಿದೆಯೇ ಎಂದು ನೋಡಲು ಬಳಸುವ ಕಂಟ್ರೋಲ್ ದ್ರಾವಣದ ಒಂದು ಹನಿ ಸ್ಟ್ರಿಪ್‌ಗೆ ಹಾಕಿ, ಡಬ್ಬಿಯ ಮೇಲೆ ಅಚ್ಚಾದ ಮಿತಿಯೊಳಗೆ ಅಂಕಿ ಬಂದರೆ ಮತ್ತೆ ರಕ್ತ ಪರೀಕ್ಷಿಸಿ ಡೋಸ್ ನಿರ್ಧರಿಸಿ. ವಾಂತಿ ನಿಲ್ಲದಿದ್ದರೆ ಅಲ್ಲಿಯವರೆಗೂ ಕಾಯದೆ ವೈದ್ಯರನ್ನು ಕಾಣಬೇಕು.