ಆಟಿಯಲ್ಲಿ ಸಿಕ್ಕಿದ ಗಿರಾಕಿಗಳು

ಆಟಿ ತಿಂಗಳಲ್ಲಿ ಮಂಗಳೂರಿನಲ್ಲಿ ಕಾರು ತೊಳೆಸುವವರು ಯಾರು? ಬೆಳಿಗ್ಗೆ ತೊಳೆದು ಹೊರಗೆ ತಂದರೆ ಪಂಪ್‌ವೆಲ್ ದಾಟುವಷ್ಟರಲ್ಲಿ ಬಾಗಿಲಿನ ತನಕ ಕೆಂಪು ಕೆಸರು. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಗಾಡಿ ತೆಗೆಯುವವರೂ ಕಡಿಮೆ. ಕಾರು ತೊಳೆದು ಪಾಲಿಶ್ ಮಾಡುವ ದೇರೆಬೈಲಿನ ನನ್ನ ಶೆಡ್ಡಿನಲ್ಲಿ ಆ ದಿನಗಳಲ್ಲಿ ನಾನು ಮತ್ತು ನನ್ನ ಹುಡುಗ ಪಾಲಿಶಿಂಗ್ ಪ್ಯಾಡ್ ತೊಳೆದು ಒಣಗಿಸುತ್ತಿದ್ದೆವು. ಒಣಗದ್ದನ್ನು ಮತ್ತೆ ಒಣಗಿಸುತ್ತಿದ್ದೆವು. ಅಷ್ಟೇ ಕೆಲಸ.

ಪ್ರಚಾರಕ್ಕೇನೂ ಕಡಿಮೆ ಮಾಡಿರಲಿಲ್ಲ. ಪೇಪರಿನ ಒಳಗೆ ಪಾಂಪ್ಲೆಟ್ ಹಾಕಿಸಿದ್ದೆ. ಬಾನೆಟ್ ಮೇಲೆ ನೊರೆ ಸುರಿಯುವ ವಿಡಿಯೋ ಇನ್‌ಸ್ಟಾಗ್ರಾಮ್‌ನಲ್ಲಿ ಬಿಟ್ಟಿದ್ದೆ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ಹೆಸರು ಬರುತ್ತಿತ್ತು. ಫೋನ್ ಬರುವುದಕ್ಕೇನೂ ಬರುತ್ತಿತ್ತು. ಆದರೆ ಹತ್ತರಲ್ಲಿ ಎಂಟು ಜನ ಕೇಳುತ್ತಿದ್ದುದು ಒಂದೇ, 'ವಾಟರ್ ವಾಶ್ ಎಷ್ಟು?' ರೇಟ್ ಹೇಳಿದ ಕೂಡಲೇ 'ಆಯ್ತು, ಆಮೇಲೆ ಮಾಡ್ತೇನೆ.' ಆ 'ಆಮೇಲೆ' ಬಂದದ್ದು ಅಪರೂಪ. ಉಳಿದವರು ಪೇಂಟಿನ ರಕ್ಷಣೆಗೆ, ಹೊಳಪಿಗೆ ಹಚ್ಚುವ ಸೆರಾಮಿಕ್ ಕೋಟಿಂಗಿನ ರೇಟ್ ಕೇಳಿ, ಊರಿನ ಎಲ್ಲ ಅಂಗಡಿಗಳ ರೇಟ್ ನನಗೇ ಓದಿ ಹೇಳಿ ಫೋನ್ ಇಡುತ್ತಿದ್ದರು.

ಹಾಗಿರುವಾಗ ಒಂದು ಬೆಳಿಗ್ಗೆ ಕೊಟ್ಟಾರದ ಗ್ಯಾರೇಜಿನ ಮೆಕ್ಯಾನಿಕ್ ಒಬ್ಬರು ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರು. ಹಿಂದೆಯೇ ಫೋನ್. "ಅಣ್ಣಾ, ಫೋಟೋ ನೋಡಿದ್ರಾ? ಬ್ಯಾಟರಿ ಹಾಕ್ಲಿಕ್ಕೆ ಅಂತ ಬಂದದ್ದು ನಾನು. ಬಾಗಿಲು ತೆಗೆದ್ರೆ ಒಳಗೆ ಕೂತ್ಕೊಳ್ಳಿಕ್ಕೇ ಆಗುದಿಲ್ಲ. ನೀವೊಮ್ಮೆ ಬನ್ನಿ."

ಬಿಜೈಯ ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಂತಿದ್ದ ಬಿಳಿ ಸೆಡಾನ್ ಅದು. ಮಗ ದುಬೈಯಲ್ಲಿ, ತಾಯಿ ನಾಲ್ಕನೇ ಮಹಡಿಯಲ್ಲಿ ಒಬ್ಬರೇ. ಬೇಸಿಗೆಯ ನಂತರ ಕಾರನ್ನು ಯಾರೂ ತೆಗೆದಿರಲಿಲ್ಲ. ಧೂಳು ಕೂರಬಾರದೆಂದು ಪ್ರೀತಿಯಿಂದ ಕವರ್ ಬೇರೆ ಹೊದಿಸಿದ್ದರು. ನಮ್ಮ ಮಳೆಗಾಲಕ್ಕೆ ಆ ಕವರೇ ಶತ್ರು. ಒಳಗೆ ಸೇರಿದ ತೇವ ಹೊರಗೆ ಹೋಗುವುದಿಲ್ಲ. ಗಾಳಿಯ ತೇವಾಂಶ ಶೇಕಡ 70 ದಾಟಿದರೆ ಬೂಸ್ಟಿಗೆ ಸುಗ್ಗಿ. ಜುಲೈಯಲ್ಲಿ ಇಲ್ಲಿ ಅದು 90ರ ಆಸುಪಾಸಿನಲ್ಲೇ ಇರುತ್ತದೆ. ಬಾಗಿಲು ತೆಗೆದಾಗ ಸ್ಟೇರಿಂಗಿಗೆ ಯಾರೋ ಅಕ್ಕಿಹಿಟ್ಟು ಸವರಿದ ಹಾಗೆ ಕಂಡಿತು. ಗೇರ್ ನಾಬ್, ಸೀಟಿನ ಹೊಲಿಗೆ, ಸೀಟ್ ಬೆಲ್ಟ್, ಎಲ್ಲದರ ಮೇಲೆ ಅದೇ. ನೆಲದ ಮ್ಯಾಟ್ ಎತ್ತಿದರೆ ಅಡಿಯಲ್ಲಿ ಹಸಿರು.

ಮಗ ಶುಕ್ರವಾರ ರಾತ್ರಿಯ ಫ್ಲೈಟಿಗೆ ಹೆಂಡತಿ ಮಕ್ಕಳೊಂದಿಗೆ ಬರುವವನಿದ್ದ. ರೇಟ್ ಮಾತಾಡಲು ತಾಯಿ ಫೋನ್ ಹಚ್ಚಿಯೇ ಕೊಟ್ಟರು. ಅಲ್ಲಿ ಗಂಟೆ ನಮಗಿಂತ ಒಂದೂವರೆ ತಾಸು ಹಿಂದೆ, ಆತ ಆಗಷ್ಟೇ ಆಫೀಸಿಗೆ ಬಂದು ಕೂತಿದ್ದ. ಒಳಗಿನ ಪೂರ್ತಿ ಕೆಲಸಕ್ಕೆ 3,500 ರೂಪಾಯಿ ಅಂದೆ. ಚೌಕಾಸಿಗೆ ಸಿದ್ಧನಾಗಿಯೇ ಇದ್ದೆ. ಆತ ಕೇಳಿದ್ದು ಒಂದೇ, "ಚಿಕ್ಕ ಮಗು ಉಂಟು, ಅಲರ್ಜಿ. ವಾಸನೆ ಪೂರ್ತಿ ಹೋಗ್ತದಾ?" ಹೋಗುತ್ತದೆ, ಆದರೆ ಎರಡು ದಿನ ಬೇಕು, ಒಣಗಿಸುವುದೇ ದೊಡ್ಡ ಕೆಲಸ ಅಂದೆ. "ಮಾಡಿ" ಅಂದ. ಮಾತು ಮುಗಿಯಿತು.

ಬೇಸ್‌ಮೆಂಟಿನಲ್ಲಿ ನೀರು ಬಳಸುವಂತಿಲ್ಲ ಎಂದು ಅಸೋಸಿಯೇಶನ್ ಬೋರ್ಡ್ ಹಾಕಿದೆ. ಒಳ್ಳೆಯದೇ ಆಯಿತು, ಬೂಸ್ಟು ತೆಗೆಯಲು ನೀರು ಸುರಿಯಬೇಕಾಗಿಯೇ ಇಲ್ಲ. ಒಣ ಬ್ರಶ್ಶಿನಿಂದ ಉಜ್ಜಲೂ ಬಾರದು, ಪುಡಿ ಹಾರಿ ಎ.ಸಿ. ತೂತಿನೊಳಗೆ ಹೋಗಿ ಕೂರುತ್ತದೆ. ಮೊದಲು ಕ್ಲೀನರ್ ಚಿಮುಕಿಸಿ ಅದನ್ನು ನೆನೆಸಬೇಕು. ಮೈಕ್ರೋಫೈಬರ್ ಬಟ್ಟೆಯಲ್ಲಿ ಒಂದೇ ದಿಕ್ಕಿಗೆ ಒರಸಿ, ಬಟ್ಟೆಯನ್ನು ಮಡಚಿ, ಹೊಸ ಮಗ್ಗುಲಿನಿಂದ ಮತ್ತೆ ಒರಸಬೇಕು. ಆಮೇಲೆ ಸ್ಟೀಮ್. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು, ಒಳಗೆ ಸುತ್ತಿಕೊಳ್ಳದಂತೆ ಕ್ಲಿಪ್ ಹಾಕಿ ಎರಡೂ ಮಗ್ಗುಲು ಉಜ್ಜಿದೆ. ಹೆಚ್ಚಿನವರು ಬಿಡುವುದು ಅಲ್ಲಿಯೇ. ಕಣ್ಣಿಗೆ ಕಾಣುವ ಒಂದೂವರೆ ಅಡಿ ಒರಸುತ್ತಾರೆ, ಸುರುಳಿಯ ಒಳಗೆ ಉಳಿದ ಬೂಸ್ಟು ಹದಿನೈದು ದಿನದಲ್ಲಿ ಇಡೀ ಕಾರಿಗೆ ಹಬ್ಬುತ್ತದೆ. ಗ್ಲೋವ್ ಬಾಕ್ಸ್ ಬಿಚ್ಚಿ, ಒಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಎಳೆದರೆ ಕಪ್ಪಗೆ ಗಟ್ಟಿಯಾಗಿತ್ತು. ಅದರ ಫೋಟೋ ದುಬೈಗೆ ಕಳಿಸಿದೆ. ಹೊಸ ಫಿಲ್ಟರಿನ ದುಡ್ಡು ಕೂಡಲೇ ಫೋನಿಗೆ ಬಂತು.

ಮಧ್ಯಾಹ್ನ ಆಂಟಿ ಪತ್ರೊಡೆ, ಚಾ ತಂದು ಕೊಟ್ಟರು. ಆಟಿಯಲ್ಲಿ ಇದು ತಿನ್ನದಿದ್ದರೆ ಹೇಗೆ ಅಂತ ತಾವೇ ಅಂದುಕೊಂಡು ಇನ್ನೆರಡು ತುಂಡು ಹಾಕಿದರು.

ಅಷ್ಟರಲ್ಲಿ ಲಿಫ್ಟಿನಿಂದ ಇಳಿದವರೆಲ್ಲ ಒಂದು ನಿಮಿಷ ನಿಂತು ನೋಡಿ ಹೋಗುತ್ತಿದ್ದರು. ಸ್ಟೀಮ್ ಬರುವ ಸದ್ದಿಗೆ ಮಕ್ಕಳೂ ಬಂದರು. ಯಾರೊಬ್ಬರೂ ನನ್ನ ವಿಸಿಟಿಂಗ್ ಕಾರ್ಡ್ ಕೇಳಲಿಲ್ಲ, ಅಂಗಡಿಯ ಹೆಸರೂ ಕೇಳಲಿಲ್ಲ. ತಮ್ಮ ತಮ್ಮ ಕಾರಿನ ಕಷ್ಟ ಹೇಳಿದರು. ಒಬ್ಬರಿಗೆ ಎ.ಸಿ. ಹಾಕಿದಾಗ ಹಳೆ ಸಾಕ್ಸಿನ ವಾಸನೆ. ಒಬ್ಬರ ಕಾರಿನಲ್ಲಿ ಇಲಿ ವಯರ್ ಕಡಿದು, ಸೀಟಿನ ಅಡಿಯಲ್ಲಿ ಗೂಡು ಕಟ್ಟಿ ಹೋಗಿತ್ತು. ವಾಹನ ಪೂಜೆ ಮಾಡಿಸಿ ಬಂದ ಇನ್ನೊಬ್ಬರಿಗೆ ಬಾನೆಟ್ಟಿನ ಅರಸಿನ ಕುಂಕುಮದ ಕಲೆ ಹೋಗುತ್ತಿಲ್ಲ. ಇಷ್ಟು ವರ್ಷ ನಾನು ಹೊಳಪಿನ ಫೋಟೋ ತೋರಿಸಿ ಗಿರಾಕಿ ಹುಡುಕುತ್ತಿದ್ದೆ. ನಮ್ಮ ಊರಿನವರಿಗೆ ಹೊಳಪು ಬೇಡವೆಂದಲ್ಲ. ಅದಕ್ಕೆ ಅವಸರ ಇಲ್ಲ, ದಸರಾದಲ್ಲಿ ಆಯುಧ ಪೂಜೆ ಬರುತ್ತದಲ್ಲ! ವಾಸನೆಗೆ ಮಾತ್ರ ಇವತ್ತೇ ಮದ್ದು ಬೇಕು.

ಅಲ್ಲಿಯ ವಾಚ್‌ಮ್ಯಾನ್ ಕುಂದಾಪುರ ಕಡೆಯವರು, ಅರವತ್ತರ ಹತ್ತಿರದ ವಯಸ್ಸು. ಬೆಳಿಗ್ಗೆಯಿಂದ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಿದ್ದರು. ಸಂಜೆ ಹೊತ್ತಿಗೆ ಎದ್ದು, "ಬನ್ನಿ ಮಾರಾಯ್ರೆ, ಒಂದು ತೋರಿಸ್ತೇನೆ" ಅಂತ ಕರೆದುಕೊಂಡು ಹೋದರು. ಬೇಸ್‌ಮೆಂಟಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಕವರ್ ಹೊದ್ದ ಕಾರುಗಳು. ಇದು ಅಬುಧಾಬಿಯವರದ್ದು, ಇದು ಕುವೈತ್, ಇದು ಮಸ್ಕತ್ ಬ್ಯಾಂಕಿನವರದ್ದು. ಯಾರು ಯಾವ ತಿಂಗಳಲ್ಲಿ ಬರುತ್ತಾರೆ, ಯಾರ ಕೀ ಯಾವ ಸಂಬಂಧಿಕರ ಮನೆಯಲ್ಲಿದೆ, ಯಾರ ಟಯರ್ ಗಾಳಿ ಇಳಿದು ಕೂತಿದೆ, ಎಲ್ಲ ಅವರ ಬಾಯಲ್ಲಿ. ಗಲ್ಫಿನ ಶಾಲೆಗಳಿಗೆ ಜುಲೈ, ಆಗಸ್ಟ್ ರಜೆ. ಬಜ್ಪೆ ಏರ್‌ಪೋರ್ಟಿನಲ್ಲಿ ಇಳಿದ ಮರುದಿನವೇ ಅವರಿಗೆ ಕಾರು ಬೇಕು. ಕಟೀಲು ದೇವಸ್ಥಾನಕ್ಕೆ ಹೋಗಬೇಕು, ಅಜ್ಜಿ ಮನೆಗೆ ಹೋಗಬೇಕು, ಬಟ್ಟೆ ತೆಗೆಯಬೇಕು. ನಾನು ಪ್ಯಾಡ್ ಒಣಗಿಸುತ್ತ ಕೂರುವ ತಿಂಗಳಲ್ಲೇ ಇಷ್ಟೊಂದು ಕಾರುಗಳು ಬೂಸ್ಟು ಹಿಡಿದು ಯಜಮಾನರನ್ನು ಕಾಯುತ್ತಿದ್ದವು.

ಆ ಕಾರು ಮುಗಿಯುವ ಹೊತ್ತಿಗೆ ಅದೇ ಕಟ್ಟಡದಲ್ಲಿ ಇನ್ನೂ ಕೆಲವು ಸಿಕ್ಕಿದವು. ನೆನಪಿನಲ್ಲಿ ಉಳಿದದ್ದು ಒಬ್ಬ ಡಾಕ್ಟರರ ಕಾರು. ಅವರು ಬೇಸಿಗೆಯಲ್ಲಿ ಮೀನಿನ ಬಂದರಿಗೆ, ಅಂದರೆ ದಕ್ಕೆಗೆ ಹೋಗಿ ಬಂಗುಡೆ ತಂದಿದ್ದರಂತೆ. ಚೀಲ ತೂತಾಗಿ ಐಸಿನ ನೀರು ಡಿಕ್ಕಿಯ ಕಾರ್ಪೆಟ್ ದಾಟಿ ಸ್ಟೆಪ್ನಿ ಇಡುವ ಗುಂಡಿಗೆ ಇಳಿದಿದೆ. ಆಮೇಲೆ ಅವರು ಹಾಕಿದ ಪರ್ಫ್ಯೂಮಿಗೆ ಲೆಕ್ಕವಿಲ್ಲ. ಮೀನಿನ ಜೊತೆ ಮಲ್ಲಿಗೆ ಸೇರಿದರೆ ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ, ಮೂಗಿದ್ದವರು ಊಹಿಸಿಕೊಳ್ಳಬಹುದು. ಮೀನಿನ ವಾಸನೆಗೆ ಕಾರಣ ಕ್ಷಾರದ ಗುಣದ ಅಮೈನ್‌ಗಳು, ಹುಳಿ ಅದನ್ನು ಕಟ್ಟಿಹಾಕುತ್ತದೆ. ಮೀನು ತೊಳೆದ ಕೈಗೆ ಅಮ್ಮ ಲಿಂಬೆ ಉಜ್ಜುತ್ತಿದ್ದುದು ಅದಕ್ಕೇ ಅಲ್ವಾ? ಸ್ಟೆಪ್ನಿ ಎತ್ತಿ, ಗುಂಡಿಗೆ ನೀರು ಬೆರೆಸಿದ ವಿನೆಗರ್ ಹಾಕಿ ತೊಳೆದು, ಕಾರ್ಪೆಟ್ಟಿಗೆ ಎಂಜೈಮ್ ಕ್ಲೀನರ್ ಹಾಕಿ ರಾತ್ರಿಯಿಡೀ ಬಿಟ್ಟೆ. ಮರುದಿನ ಡಾಕ್ಟರ್ ಡಿಕ್ಕಿಗೆ ತಲೆ ತೂರಿಸಿ ದೀರ್ಘವಾಗಿ ಉಸಿರೆಳೆದರು. ನಂತರ ಅವರ ಆಸ್ಪತ್ರೆಯ ಪಾರ್ಕಿಂಗಿನಿಂದ ಬಂದ ಫೋನುಗಳಲ್ಲಿ ಅರ್ಧದಷ್ಟು 'ಡಾಕ್ಟರ ಮೀನಿನ ಕಾರು ಮಾಡಿದವರು ನೀವಾ?' ಎಂದೇ ಶುರುವಾಗುತ್ತಿದ್ದವು. ಮೀನು ಹಿಡಿಯುವ ಟ್ರಾಲ್ ಬೋಟುಗಳ ಮಳೆಗಾಲದ ರಜೆ ಜುಲೈ 31ಕ್ಕೆ ಮುಗಿಯುತ್ತದೆ. ಆಗಸ್ಟಿನಿಂದ ಆ ಕೇಸುಗಳು ಹೇಗೂ ಜಾಸ್ತಿ.

ಎಲ್ಲರೂ ಕೈಗೆ ಸಿಕ್ಕಲಿಲ್ಲ. ಅದೇ ಕಟ್ಟಡದ ಒಬ್ಬರು ಹತ್ತು ವರ್ಷ ಹಳೆಯ ಕಾರಿಗೆ ಸೆರಾಮಿಕ್ ಕೋಟಿಂಗ್ ಬೇಕು ಅಂದರು. ಪೇಂಟಿನ ದಪ್ಪ ಅಳೆದು ನೋಡಿದೆ. ಕಂಪನಿಯಿಂದ ಬರುವಾಗ ಸಾಮಾನ್ಯವಾಗಿ 100 ಮೈಕ್ರಾನಿನ ಮೇಲೆ ಇರುತ್ತದೆ. ಇವರದ್ದನ್ನು ಯಾರೋ ಹಿಂದೆಯೇ ಕಾಂಪೌಂಡ್ ಹಾಕಿ ಉಜ್ಜಿ ಉಜ್ಜಿ ಬಾನೆಟ್ಟಿನಲ್ಲಿ 70ಕ್ಕೆ ಇಳಿಸಿದ್ದರು. ಇನ್ನು ಉಜ್ಜಿದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಕ್ಲಿಯರ್ ಕೋಟ್ ಉಳಿಯುವುದಿಲ್ಲ, ವ್ಯಾಕ್ಸ್ ಸಾಕು ಅಂದೆ. ಅವರಿಗೆ ಬೇಸರವಾಯಿತು. ಬೇರೆ ಕಡೆ ಹೋಗಿ 'ಲೈಫ್‌ಟೈಮ್ 9ಎಚ್' ಮಾಡಿಸಿದರು. 9ಎಚ್ ಅಂದರೆ ಪೆನ್ಸಿಲ್ ಗೀರಿಗೆ ತಡೆಯುವ ಅಳತೆ, ಕಲ್ಲೇಟಿಗೆ ಅಲ್ಲ ಅಂತ ಹೇಳಿದರೂ ಕೇಳುವ ಮನಸ್ಸಿರಲಿಲ್ಲ. ಎದುರು ಸಿಕ್ಕಿದರೆ ಈಗಲೂ ಮುಖ ತಿರುಗಿಸುತ್ತಾರೆ.

ವಾಚ್‌ಮ್ಯಾನರಿಗೆ ಏನು ಕೊಡುವುದು ಎಂಬುದು ದೊಡ್ಡ ತಲೆನೋವಾಯಿತು. ಒಂದು ಕಾರಿಗೆ 200 ರೂಪಾಯಿ ಕೊಟ್ಟೆ. ಸುದ್ದಿ ಸೆಕ್ರೆಟರಿಯವರಿಗೆ ತಲುಪಿತು. ಅವರು ನಿವೃತ್ತ ಮೇಷ್ಟ್ರು, ನನ್ನನ್ನು ಕರೆದು, "ನಮ್ಮ ವಾಚ್‌ಮ್ಯಾನನ್ನು ನೀವು ಏಜೆಂಟ್ ಮಾಡುದಾ?" ಅಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ನಾಳೆ ಬೇರೆಯವನು 300 ಕೊಟ್ಟರೆ ಕಟ್ಟಡವೇ ಅವನದ್ದಾಗುತ್ತದೆ. ಕೊನೆಗೆ ಹೀಗೆ ತೀರ್ಮಾನವಾಯಿತು: ಕರೆಂಟಿಗೆ ಅಂತ ಪ್ರತಿ ಕಾರಿಗೆ 100 ರೂಪಾಯಿ ಅಸೋಸಿಯೇಶನ್‌ಗೆ ರಸೀದಿ ಸಮೇತ, ಯಾರ ಕಾರು ಮುಟ್ಟಿದರೂ ಯಜಮಾನರ ಮೆಸೇಜ್ ಸೆಕ್ರೆಟರಿಗೆ ಮೊದಲು ಬರಬೇಕು. ವಾಚ್‌ಮ್ಯಾನರಿಗೆ ಚೌತಿಗೆ ಬಟ್ಟೆ. ಮೇಷ್ಟ್ರು ಇದನ್ನೆಲ್ಲ ಬರೆದು ತಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಆ ಒಂದು ಮೆಸೇಜ್ ಕದ್ರಿಯ ಅವರ ತಮ್ಮನ ಕಟ್ಟಡಕ್ಕೂ, ಅಲ್ಲಿಂದ ಕಂಕನಾಡಿಗೂ ಹೋಯಿತು. ನನ್ನ ಪಾಂಪ್ಲೆಟ್ ಒಂದು ಗೇಟನ್ನೂ ದಾಟಿರಲಿಲ್ಲ. ಸೆಕ್ರೆಟರಿ ಬರೆದದ್ದಕ್ಕೆ ಗೇಟೇ ಇರಲಿಲ್ಲ.

ಇನ್ನೊಬ್ಬ ಇದ್ದ, ಬೆಳಿಗ್ಗೆ ಐದಕ್ಕೆ ಬಂದು ಕಟ್ಟಡದ ಕಾರುಗಳನ್ನು ಒರಸುವ ಹುಡುಗ. ಬಾಗಲಕೋಟೆ ಕಡೆಯವನು. ತಿಂಗಳಿಗೆ ಕಾರಿಗೆ ಇಷ್ಟು ಅಂತ. ಒಂದೇ ಬಕೆಟ್, ಒಂದೇ ಬಟ್ಟೆ. ಮುರಕಲ್ಲಿನ ಕೆಂಪು ಪುಡಿ ಹಿಡಿದ ಬಟ್ಟೆಯಿಂದ ಕಾರು ಒರಸಿದರೆ ಬಿಸಿಲಿನಲ್ಲಿ ಜೇಡರ ಬಲೆಯಂಥ ಗೀರುಗಳೇ ಕಾಣುವುದು. ಮೊದಮೊದಲು ಅವನು ನನ್ನನ್ನು ನೋಡಿದರೆ ಮಾತಾಡುತ್ತಿರಲಿಲ್ಲ, ಅನ್ನಕ್ಕೆ ಕಲ್ಲು ಹಾಕಲು ಬಂದವನು ಅಂತಲೇ ತಿಳಿದಿದ್ದ. ಒಂದು ಬೆಳಿಗ್ಗೆ ಬೇಗ ಹೋಗಿ ಅವನಿಗೆ ಮೈಕ್ರೋಫೈಬರ್ ಬಟ್ಟೆಯ ಕಟ್ಟು, ಇನ್ನೊಂದು ಬಕೆಟ್, ಶಾಂಪೂ ಕೊಟ್ಟೆ. ತೊಳೆಯಲು ಒಂದು, ಬಟ್ಟೆ ಹಿಂಡಲು ಒಂದು. "ದಿನದ ಕೆಲಸ ನಿನ್ನದೇ, ನಾನು ಕೈ ಹಾಕುದಿಲ್ಲ. ಒಳಗೆ ಬೂಸ್ಟು, ವಾಸನೆ, ಕಲೆ ಕಂಡ್ರೆ ನನಗೊಂದು ಫೋಟೋ ಹಾಕು" ಅಂದೆ. ಅವನು ತಲೆಯಾಡಿಸಿದ, ಮಾತಾಡಲಿಲ್ಲ. ವಾರ ಕಳೆಯುವುದರೊಳಗೆ ಫೋಟೋ ಬರಲು ಶುರುವಾಯಿತು. ಎಷ್ಟೋ ಸಲ ಯಜಮಾನರಿಗೆ ಗೊತ್ತಾಗುವ ಮೊದಲೇ ಅವನಿಗೆ ಗೊತ್ತಿರುತ್ತದೆ. ದಿನಾ ಗಾಜಿಗೆ ಮೂಗು ತಾಗಿಸಿ ಒರಸುವವನು ಅವನು ತಾನೇ?

ಈಗ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಒಂದು ಕಡೆ ಕಾರಿನ ನಂಬರ್, ಇನ್ನೊಂದು ಕಡೆ ಯಜಮಾನರ ಫ್ಲೈಟಿನ ದಿನ. ಬರುವ ಮೂರು ದಿನ ಮೊದಲು ಕೆಲಸ ಮುಗಿಯಬೇಕು, ಒಣಗಲು ಎರಡು ದಿನ ಬೇಕೇ ಬೇಕು. ಮಳೆಗಾಲ ಪೂರ್ತಿ ನಿಲ್ಲುವ ಕಾರುಗಳಿಗೆ ತಿಂಗಳಿಗೊಮ್ಮೆ ಬಾಗಿಲು ತೆಗೆದು ಗಾಳಿಯಾಡಿಸಿ, ಸಿಲಿಕಾ ಜೆಲ್ ಚೀಲ ಬದಲಿಸಿ, ಒಳಗಿನ ವಿಡಿಯೋ ಕಳಿಸುವುದು, 600 ರೂಪಾಯಿ. ಕೀ ಮಾತ್ರ ನಾನು ಇಟ್ಟುಕೊಳ್ಳುವುದಿಲ್ಲ. ಮನೆಯವರು ಯಾರಾದರೂ ಇಳಿದು ಬಂದು ತೆಗೆದುಕೊಡಬೇಕು. ಇದಕ್ಕೆ ಕೆಲವರು ಬೇಡ ಅಂದರು, ಇರಲಿ.

ಉಡುಪಿ ಕಡೆಯ ಅಂಬಲಪಾಡಿ, ಮಣಿಪಾಲದಿಂದಲೂ ಫೋನ್ ಬರುತ್ತದೆ. ಮಣಿಪಾಲದ ಮಳೆ ನಮ್ಮದಕ್ಕೂ ಒಂದು ಕೈ ಮೇಲೆ. ಆದರೆ ಹೋಗಿ ಬರುವುದಕ್ಕೆ ನೂರು ಕಿಲೋಮೀಟರಿನ ಮೇಲಾಗುತ್ತದೆ. ಸ್ಟೀಮರ್, ವ್ಯಾಕ್ಯೂಮ್ ಹೊತ್ತು, ಹೆಜಮಾಡಿಯಲ್ಲಿ ಟೋಲ್ ಕೊಟ್ಟು, ಮಳೆಯಲ್ಲಿ ಹೈವೇ ಹಿಡಿದರೆ ದಿನವೇ ಹೋಯಿತು. ಅಲ್ಲಿಯೇ ಸಂತೆಕಟ್ಟೆಯಲ್ಲಿ ಇದೇ ಕೆಲಸ ಮಾಡುವ ಗೆಳೆಯನಿಗೆ ಆ ನಂಬರುಗಳನ್ನು ಕೊಡುತ್ತೇನೆ. ಮುಲ್ಕಿ, ಸುರತ್ಕಲ್ ಕಡೆಯದ್ದು ಬಂದರೆ ಅವನು ನನಗೆ ದಾಟಿಸುತ್ತಾನೆ.

ಬಾಗಲಕೋಟೆಯ ಹುಡುಗ ಈಗ ಒಂದು ಹೊಸ ಮಾತು ಎತ್ತಿದ್ದಾನೆ. ನನ್ನ ಹಳೆಯ ಸ್ಟೀಮರ್ ಅವನಿಗೆ ಬೇಕಂತೆ. ಕೊಟ್ಟರೆ ನಾಳೆ ನನಗೇ ಪೈಪೋಟಿ. ಕೊಡದಿದ್ದರೆ ಬೇರೆ ಕಡೆ ಹೇಗೂ ತಗೊಳ್ತಾನೆ, ಆಗ ಫೋಟೋನೂ ಬರುವುದಿಲ್ಲ. ಕಂತಿನಲ್ಲಿ ಕೊಡುವುದು ಅಂತ ಮಾತಾಗಿದೆ. ಅವನು ನಾಲ್ಕು ಸಾವಿರ ಅಂತಾನೆ, ನಾನು ಆರು ಅಂತೇನೆ. ಇನ್ನೂ ಕುದುರಿಲ್ಲ.